ಹಳೆಯ ಮನೆಗೆ ಹೊಸ ಒಕ್ಕಲು

ಮನೆ ಬದಲಾಯಿಸುವ ದಿನವೇ ಮನುಷ್ಯನಿಗೆ ತನ್ನ ಸಂಸಾರದ ನಿಜವಾದ ಲೆಕ್ಕ ಗೊತ್ತಾಗುವುದು. ಅಟ್ಟದಿಂದ ಇಳಿಸಿದ ಪೆಟ್ಟಿಗೆಗಳಲ್ಲಿ ಯಾವುದರಲ್ಲಿ ಒಡವೆಯಿದೆ, ಯಾವುದರಲ್ಲಿ ಗೆದ್ದಲಿದೆ ಎಂಬುದು ಅಂದಿನವರೆಗೆ ಯಾರಿಗೂ ತಿಳಿದಿರುವುದಿಲ್ಲ. ಹತ್ತಾರು ವರ್ಷ ಜೋಪಾನ ಮಾಡಿದ ಗಂಟನ್ನು ಬಿಚ್ಚಿದಾಗ ಬರಿಯ ಹೊಟ್ಟು ಸಿಕ್ಕುವುದುಂಟು; ಬೇಡವೆಂದು ಮೂಲೆಗೆ ತಳ್ಳಿದ ಕಂತೆಯಲ್ಲಿ ತಾತನ ಕೈಬರಹ ಸಿಕ್ಕುವುದೂ ಉಂಟು. ಕಾಗದದ ಕಾಲ ಹಿಂದೆ ಸರಿದು ಕಂಪ್ಯೂಟರಿನ ಕಾಲ ಬಂದರೂ ಈ ನಿಯಮ ಬದಲಾದಂತೆ ಕಾಣುವುದಿಲ್ಲ.

ಮಡಿಕೇರಿಯಿಂದ ಭಾಗಮಂಡಲಕ್ಕೆ ಹೋಗುವ ದಾರಿಯ ಬದಿಯ ಒಂದು ಹಳ್ಳಿಯಲ್ಲಿ ನಿವೃತ್ತ ಉಪಾಧ್ಯಾಯರೊಬ್ಬರಿದ್ದಾರೆ. ಊರಿನವರಿಗೆಲ್ಲ ಅವರು ಮೇಷ್ಟರು. ಎರಡೆಕರೆ ಕಾಫಿ, ಮರಗಳಿಗೆ ಹಬ್ಬಿಸಿದ ಮೆಣಸಿನ ಬಳ್ಳಿ, ಮನೆಯ ಕೆಳಗೊಂದು ಗದ್ದೆ, ಮನೆಯೊಳಗೆ ಒಂದು ಗೋಡೆಯಗಲ ಪುಸ್ತಕ, ಕಿಟಕಿಯ ಪಕ್ಕದಲ್ಲಿ ೨೦೧೪ರಲ್ಲಿ ಕೊಂಡ ಒಂದು ಕಂಪ್ಯೂಟರ್: ಇವಿಷ್ಟು ಅವರ ಆಸ್ತಿ. ಕಂಪ್ಯೂಟರಿಗೆ ಅವರು ವಹಿಸಿದ್ದ ಕೆಲಸ ಎರಡೇ. ಮೊದಲನೆಯದು ಮಳೆಯ ಲೆಕ್ಕ. ಕೊಡಗಿನ ಬೆಳೆಗಾರನಿಗೆ ಮಳೆಯೆಂದರೆ ಬರಿಯ ನೀರಲ್ಲ; ಇಂಚು ಮತ್ತು ಸೆಂಟುಗಳಲ್ಲಿ ಬರೆದಿಡಬೇಕಾದ ಜಮಾಖರ್ಚು. ಹೂವಿನ ಮಳೆ ಯಾವ ದಿನ ಬಿದ್ದಿತು, ಅದರ ಬೆನ್ನಿಗೆ ಬರಬೇಕಾದ ಮಳೆ ಬಂದಿತೆ ಇಲ್ಲವೆ ಎಂಬುದರ ಮೇಲೆ ಮುಂದಿನ ಸುಗ್ಗಿಯ ಭವಿಷ್ಯ ನಿಂತಿರುತ್ತದೆ. ಎರಡನೆಯದು ಅವರ ತಾಯಿಯ ಮಾತು.

ಮೇಷ್ಟರ ಮನೆಯ ನುಡಿ ಅರೆಭಾಷೆ. ೨೦೦೩ರಿಂದ ೨೦೦೯ರವರೆಗೆ, ಆಗ ಮನೆಯಲ್ಲಿದ್ದ ಮೊದಲ ಕಂಪ್ಯೂಟರಿನ ಮುಂದೆ ಕುಳಿತು, ಅವ್ವ ಹೇಳಿದ್ದನ್ನೆಲ್ಲ ಅವರು ಬೆರಳಚ್ಚು ಮಾಡಿದ್ದರು. ಮದುವೆಯ ಸೋಬಾನೆಗಳು, ಆಟಿ ತಿಂಗಳಿನ ಸೊಪ್ಪುಮದ್ದುಗಳು, ದೈವದ ಕಟ್ಟುಕಟ್ಟಳೆ, ಯಾವ ಮನೆಯ ಹೆಣ್ಣು ಯಾವ ಮನೆಗೆ ಹೋದಳೆಂಬ ನಾಲ್ಕು ತಲೆಮಾರಿನ ನೆನಪು, ಒಂದೊಂದು ನಕ್ಷತ್ರದ ಮಳೆಗೂ ಇರುವ ಬಗೆಬಗೆಯ ಸ್ವಭಾವ; ಹೀಗೆ ೩೧೨ ಪುಟ. ೨೦೧೦ರಲ್ಲಿ ಅವ್ವ ತೀರಿಕೊಂಡರು. ಕಡತಗಳು ಮಾತ್ರ ಯಂತ್ರದಿಂದ ಯಂತ್ರಕ್ಕೆ ದಾಟಿ ಬಂದು, ಹೊಸದರ ಹೊಟ್ಟೆಯಲ್ಲಿ ಸುಖವಾಗಿ ಮಲಗಿದ್ದವು. ಎಂದಾದರೊಂದು ದಿನ ಪುಸ್ತಕವಾಗಿಸಬಹುದೆಂದು ಮೇಷ್ಟರು ಅಂದುಕೊಂಡಿದ್ದರು. ಎಂದಾದರೊಂದು ದಿನ ಎನ್ನುವುದು ನಿವೃತ್ತರ ಪಂಚಾಂಗದಲ್ಲಿ ಬಹಳ ದೊಡ್ಡ ತಿಥಿ.

೨೦೨೫ರ ಅಕ್ಟೋಬರ್ ೧೪ರಂದು ಈ ನೆಮ್ಮದಿಗೆ ಭಂಗ ಬಂದಿತು. ಅಂದಿನಿಂದ ವಿಂಡೋಸ್ ೧೦ ಎಂಬ ಆಪರೇಟಿಂಗ್ ಸಿಸ್ಟಮ್ಮಿಗೆ ಅದರ ತಯಾರಕರ ಮಾಮೂಲು ರಕ್ಷಣೆ ನಿಂತುಹೋಯಿತು. ಕೆಲವು ಷರತ್ತುಗಳಿಗೆ ಒಪ್ಪಿದವರಿಗೆ ಇನ್ನೊಂದು ವರ್ಷದ ವಾಯಿದೆ ದೊರೆಯುವಂತಿದ್ದರೂ, ಅದು ನೋಟೀಸಿನ ಅವಧಿಯೇ ಹೊರತು ಜೀವದಾನವಲ್ಲ.

ಆಪರೇಟಿಂಗ್ ಸಿಸ್ಟಮ್ ಎಂದರೇನು ಎಂದು ಕೇಳುವವರಿಗೆ ಮೇಷ್ಟರು ಕೊಡಗಿನ ಚರಿತ್ರೆಯಿಂದಲೇ ಉದಾಹರಣೆ ಕೊಡುತ್ತಾರೆ. ಹಿಂದೆ ನಾಡುನಾಡಿಗೂ ಪಾರುಪತ್ಯಗಾರನೆಂಬ ಅಧಿಕಾರಿಯಿದ್ದನಷ್ಟೆ. ರೈತ ನೇರವಾಗಿ ಅರಮನೆಯ ಉಗ್ರಾಣಕ್ಕೆ ಹೋಗುವಂತಿರಲಿಲ್ಲ. ಎಲ್ಲವೂ ಪಾರುಪತ್ಯಗಾರನ ಮುಖಾಂತರವೇ. ಕಂಪ್ಯೂಟರಿನಲ್ಲಿಯೂ ಹಾಗೆಯೇ. ಯಂತ್ರ, ಅದರ ಸ್ಮರಣೆ, ಪರದೆ, ಕೀಲಿಮಣೆ ಎಲ್ಲವೂ ಒಂದು ಕಡೆ; ಬಳಸುವವನು ಇನ್ನೊಂದು ಕಡೆ. ನಡುವೆ ನಿಂತು ಯಾರಿಗೆ ಎಷ್ಟು ಜಾಗ, ಯಾರಿಗೆ ಯಾವ ಸರದಿ ಎಂದು ನಿರ್ಧರಿಸುವ ಪಾರುಪತ್ಯಗಾರನೇ ಈ ವ್ಯವಸ್ಥೆ. ಹಳೆಯ ಪಾರುಪತ್ಯಗಾರ ನಿವೃತ್ತನಾದನೆಂದು ನಾಡನ್ನೇ ಎಸೆದುಬಿಡುವುದುಂಟೆ?

ಆದರೆ ಪೇಟೆಯ ಅಂಗಡಿಯವನ ತೀರ್ಪು ಅದೇ ಆಗಿದ್ದಿತು. "ಇದಕ್ಕೆ ಹನ್ನೊಂದು ಹಾಕಲಿಕ್ಕೆ ಬರುವುದಿಲ್ಲ ಸಾರ್. ಹೊಸತೊಂದು ತೆಗೆದುಕೊಂಡುಬಿಡಿ." ಅವನದು ಸುಳ್ಳಲ್ಲ. ೨೦೨೧ರಲ್ಲಿ ಬಂದ ವಿಂಡೋಸ್ ೧೧, ಭದ್ರತೆಗೆಂದು ಯಂತ್ರದೊಳಗೆ ಕೆಲವು ಹೊಸ ಅಂಗಗಳಿರಬೇಕೆಂದು ಕೇಳುತ್ತದೆ. ಹಳೆಯ ಯಂತ್ರಗಳಲ್ಲಿ ಅವು ಇಲ್ಲ. ಆದರೂ ಹನ್ನೊಂದು ವರ್ಷ ಒಂದು ದಿನವೂ ಮುನಿಸಿಕೊಳ್ಳದೆ ದುಡಿದ ಯಂತ್ರವನ್ನು, ಅದರ ತಪ್ಪೇನೂ ಇಲ್ಲದೆ ಗುಜರಿಗೆ ಹಾಕುವುದೆಂದರೆ ಮೇಷ್ಟರ ಮನಸ್ಸು ಒಪ್ಪಲಿಲ್ಲ. ಹಾಲು ಬತ್ತಿದ ಹಸುವನ್ನು ಕಟುಕನಿಗೆ ಕೊಡದ ವಂಶ ಅವರದು.

ಮೂರು ದಿನಗಳಲ್ಲಿ ತುಲಾ ಸಂಕ್ರಮಣ. ತಲಕಾವೇರಿಯ ತೀರ್ಥೋದ್ಭವಕ್ಕೆಂದು ಬೆಂಗಳೂರಿನಿಂದ ಮಗಳ ಮಗ ಬಂದಿದ್ದನು. ಇಂಜಿನಿಯರಿಂಗ್ ಓದುವ ಹುಡುಗ. ಯಂತ್ರವನ್ನು ಹಿಂದೆಮುಂದೆ ನೋಡಿ, "ಅಜ್ಜ, ಮೆಷಿನ್ ಗಟ್ಟಿಯಾಗಿಯೇ ಉಂಟು. ಎಸೆಯುವುದು ಬೇಡ. ಲಿನಕ್ಸ್ ಹಾಕಿ ನೋಡುವ" ಎಂದನು. ಕಿರುಬೆರಳಿನಷ್ಟು ಉದ್ದದ ಪೆನ್ ಡ್ರೈವ್ ಒಂದನ್ನು ಚುಚ್ಚಿ, ಯಂತ್ರದ ಒಳಗಿನ ಒಂದು ಕಡತವನ್ನೂ ಮುಟ್ಟದೆ, ಬೇರೊಂದು ವ್ಯವಸ್ಥೆಯನ್ನು ಪರದೆಯ ಮೇಲೆ ಎಬ್ಬಿಸಿ ತೋರಿಸಿದನು. ಬಾಡಿಗೆಗೆ ಬರುವವನು ಮೊದಲು ಜಗಲಿಯಲ್ಲಿ ಕುಳಿತು ಎಲೆಯಡಿಕೆ ಹಾಕಿಕೊಂಡು ಹೋಗುವಂತೆ! ಒಪ್ಪಿಗೆಯಾದರೆ ಒಳಗೆ ಕರೆಯಬಹುದು. ಇಲ್ಲವಾದರೆ ಪೆನ್ ಡ್ರೈವ್ ಕಿತ್ತರಾಯಿತು, ಹಳೆಯದು ಹಳೆಯಂತೆಯೇ ಇರುತ್ತದೆ.

ಲಿನಕ್ಸಿನ ಹುಟ್ಟಿನ ಕಥೆ ಮೇಷ್ಟರಿಗೆ ಹಿಡಿಸಿತು. ೧೯೯೧ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿ ವಿಶ್ವವಿದ್ಯಾನಿಲಯದ ೨೧ ವರ್ಷದ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್ ಹವ್ಯಾಸಕ್ಕೆಂದು ಅದರ ತಿರುಳನ್ನು ಬರೆದು ಲೋಕದ ಮುಂದಿಟ್ಟನು. ಅದಕ್ಕೂ ಮೊದಲು, ೧೯೮೩ರಲ್ಲಿಯೇ, ಅಮೆರಿಕದ ರಿಚರ್ಡ್ ಸ್ಟಾಲ್‌ಮನ್ ಎಂಬಾತ, ಕಂಪ್ಯೂಟರಿನ ಬರವಣಿಗೆಯನ್ನು ಯಾರು ಬೇಕಾದರೂ ಓದುವ, ತಿದ್ದುವ, ಹಂಚುವ ಸ್ವಾತಂತ್ರ್ಯವಿರಬೇಕೆಂದು ಸಾರಿ 'ಗ್ನೂ' ಎಂಬ ಕಾರ್ಯವನ್ನು ಆರಂಭಿಸಿದ್ದನು. ಎರಡೂ ಹೊಳೆಗಳು ಕೂಡಿದವು. ಆ ಸಂಗಮದಿಂದ ಹೊರಟ ಕಾಲುವೆಗಳು ಇಂದು ನೂರಾರು. ೧೯೯೩ರ ಡೆಬಿಯನ್, ೨೦೦೪ರ ಉಬುಂಟು, ೨೦೦೬ರ ಮಿಂಟ್ ಅವುಗಳಲ್ಲಿ ಹೆಸರಾದವು. ಉಬುಂಟುವಿನ ಸಿ.ಡಿ.ಗಳು ಒಂದು ಕಾಲದಲ್ಲಿ ಕೇಳಿದವರ ಮನೆಗೆ ಅಂಚೆಯ ಮೂಲಕ ಬಿಟ್ಟಿಯಾಗಿ ಬರುತ್ತಿದ್ದವು. ೨೦೧೧ರಲ್ಲಿ ಆ ದಾನ ನಿಂತಿತು.

ಇದೆಲ್ಲ ದೂರದ ಮಾತೆಂದು ತಿಳಿಯಬೇಕಾಗಿಲ್ಲ. ವಿರಾಜಪೇಟೆಯಿಂದ ಮಾಕುಟ್ಟದ ಘಟ್ಟವನ್ನಿಳಿದರೆ ಸಿಕ್ಕುವ ಕೇರಳದಲ್ಲಿ ಸರ್ಕಾರಿ ಶಾಲೆಯ ಮಕ್ಕಳು ಬಹು ವರ್ಷಗಳಿಂದ ಕಂಪ್ಯೂಟರ್ ಕಲಿಯುತ್ತಿರುವುದು ಲಿನಕ್ಸಿನಲ್ಲಿಯೇ. ಅಲ್ಲಿನ ಶಿಕ್ಷಣ ಇಲಾಖೆಯ ಸಂಸ್ಥೆಯೇ ಉಬುಂಟುವನ್ನು ಶಾಲೆಗಳಿಗೆ ತಕ್ಕಂತೆ ಹೊಂದಿಸಿಕೊಟ್ಟಿದೆ. ಕಾಸರಗೋಡಿನ ಕನ್ನಡ ಶಾಲೆಗಳ ಮಕ್ಕಳು ಮುಟ್ಟುವುದೂ ಅದನ್ನೇ. ಘಟ್ಟದ ಕೆಳಗೆ ಹತ್ತು ವರ್ಷದ ಮಗುವಿಗೆ ಒಗ್ಗಿದ್ದು, ಘಟ್ಟದ ಮೇಲೆ ಎಪ್ಪತ್ತರ ಮುದುಕನಿಗೆ ಒಗ್ಗದೆ? ಹುಡುಗ ಹಾಕಿದ ಈ ಪ್ರಶ್ನೆಗೆ ಮೇಷ್ಟರಲ್ಲಿ ಉತ್ತರವಿರಲಿಲ್ಲ.

ಪರೀಕ್ಷೆ ನಡೆಯಿತು. ಇಡೀ ಜೀವಮಾನ ಮಕ್ಕಳನ್ನು ಪರೀಕ್ಷಿಸಿದವರಾದ್ದರಿಂದ ಮೇಷ್ಟರು ಪ್ರಶ್ನೆಪತ್ರಿಕೆಯನ್ನು ಮೊದಲೇ ಸಿದ್ಧಪಡಿಸಿದ್ದರು. ಅಭ್ಯರ್ಥಿಗೆ ಕನ್ನಡ ಬರೆಯಲು ಬರಬೇಕು. 'ರಾಷ್ಟ್ರೀಯ', 'ಕ್ಷೇತ್ರ', 'ಸ್ವಾತಂತ್ರ್ಯ' ಎಂಬಲ್ಲಿ ಒತ್ತಿನ ಕೆಳಗೆ ಒತ್ತು ತಪ್ಪದೆ ಕೂರಬೇಕು. 'ಸೂರ್ಯ' ಎಂದು ಬರೆದರೆ ಅರ್ಕಾವೊತ್ತು ಯಕಾರದ ಬೆನ್ನಿಗೆ ನಿಲ್ಲಬೇಕು. 'ರ‍್ಯಾಂಕ್' ಎಂದು ಬರೆದರೆ ರಕಾರ ಮೇಲೆ ನಿಂತು ಯಕಾರ ಒತ್ತಾಗಿ ಇಳಿಯಬೇಕು. ಈ ಕೊನೆಯ ಪ್ರಶ್ನೆ ಸ್ವಲ್ಪ ಕುಹಕದ್ದು. ಎರಡು ಕಡೆಯೂ ಇರುವುದು ಅದೇ ರಕಾರ, ಅದೇ ಯಕಾರ; ನಡುವೆ ಕಣ್ಣಿಗೆ ಕಾಣದ ಒಂದು ಜೋಡಣೆಯ ಗುರುತನ್ನು ಸೇರಿಸಿದರೆ ಮಾತ್ರ ಎರಡನೆಯ ರೂಪ ಬರುತ್ತದೆ.

ಬೀಓಎಸ್ ಎಂಬ ಹಳೆಯ ವ್ಯವಸ್ಥೆಯ ವಾರಸುದಾರನಾದ 'ಹೈಕು' ಮೊದಲು ಬಂದಿತು. ಚುರುಕೋ ಚುರುಕು, ಕಣ್ಣು ಮಿಟುಕಿಸುವಷ್ಟರಲ್ಲಿ ಎದ್ದು ನಿಂತಿತು. ಆದರೆ ಅದರ ಬರವಣಿಗೆಯ ಹಾಳೆಯಲ್ಲಿ ಒತ್ತಕ್ಷರಗಳು ಒಂದರ ಕೆಳಗೊಂದು ಕೂರಲೊಲ್ಲದೆ, ಜಗಳವಾಡಿದ ದಾಯಾದಿಗಳಂತೆ ಪಕ್ಕಪಕ್ಕದಲ್ಲಿ ಮುಖ ತಿರುಗಿಸಿ ನಿಂತವು. ೧೯೯೪ರಲ್ಲಿ ಆರಂಭವಾದ 'ಫ್ರೀಡಾಸ್' ಹಳೆಯ ಕರಿ ಪರದೆಯ ನೆನಪು ತಂದಿತು. ಕನ್ನಡವೆಂಬುದೊಂದು ಭಾಷೆ ಇದೆಯೆಂಬುದೇ ಅದಕ್ಕೆ ತಿಳಿಯದು. ಉಬುಂಟು ಕನ್ನಡದಲ್ಲಿ ಉತ್ತೀರ್ಣವಾದರೂ, ಹಳೆಯ ಯಂತ್ರ ಅದರ ವೈಭವವನ್ನು ಹೊರಲಾರದೆ ಏದುಸಿರು ಬಿಟ್ಟಿತು. ಮಿಂಟ್ ಮಾತ್ರ ನಡೆಯಲ್ಲಿಯೂ ನುಡಿಯಲ್ಲಿಯೂ ಮನೆಗೆ ಹೊಂದುವ ಸೊಸೆಯಂತೆ ಕಂಡಿತು. ಅದರ ಪಟ್ಟಿಗಳು ಅರ್ಧ ಕನ್ನಡ, ಅರ್ಧ ಇಂಗ್ಲಿಷ್. ಆ ಅರ್ಧ ಕನ್ನಡವನ್ನು ಸಂಬಳವಿಲ್ಲದೆ, ರಾತ್ರಿಯ ನಿದ್ದೆಗೆಟ್ಟು ಒಂದೊಂದೇ ಪದವಾಗಿ ಅನುವಾದಿಸಿದವರು ಕನ್ನಡದ ಸ್ವಯಂಸೇವಕರೆಂದು ಹುಡುಗ ಹೇಳಿದಾಗ, ಉಳಿದರ್ಧ ಏಕಿಲ್ಲವೆಂದು ಕೇಳಲು ಮೇಷ್ಟರಿಗೆ ನಾಲಗೆ ಬರಲಿಲ್ಲ.

ಕೀಲಿಮಣೆಯ ವಿಷಯದಲ್ಲಿ ಅವರಿಗೊಂದು ಸಂತೋಷ ಕಾದಿದ್ದಿತು. ಅವರ ಬೆರಳಿಗೆ ರೂಢಿಯಾಗಿದ್ದ ಕ-ಗ-ಪ ವಿನ್ಯಾಸ ಇಲ್ಲಿಯೂ ಇದ್ದಿತು. ಕನ್ನಡದ ನೂರಾರು ಅಕ್ಷರರೂಪಗಳನ್ನು ಇಂಗ್ಲಿಷಿನ ಇಪ್ಪತ್ತಾರು ಕೀಲಿಗಳಲ್ಲಿ, ಉಚ್ಚಾರದ ತರ್ಕದಿಂದ ಅಡಗಿಸಿದ ಕೆ. ಪಿ. ರಾವ್ ಅವರ ಯೋಜನೆಯೇ ಅದರ ಮೂಲ. ಮಂಗಳೂರಿನ ಬಳಿಯ ಕಿನ್ನಿಕಂಬಳದ ರಾಯರು ತಾವು ರೂಪಿಸಿದ ಕನ್ನಡ ತಂತ್ರಾಂಶಕ್ಕೆ ವಿದ್ವಾಂಸರಾದ ಸೇಡಿಯಾಪು ಕೃಷ್ಣಭಟ್ಟರ ಹೆಸರಿಟ್ಟು, ಅದನ್ನು ನಾಡಿಗೆ ಬಿಟ್ಟಿಯಾಗಿಯೇ ಕೊಟ್ಟವರು.

ಕಾಫಿಯ ಕೊಯ್ಲಿಗೆ ಇನ್ನೂ ದಿನಗಳಿದ್ದವು. ಸಂಜೆಯಾದರೆ ವಿದ್ಯುತ್ತು ಹೋಗುವುದೂ ಬರುವುದೂ ಅದರ ಇಷ್ಟ. ಕರೆಂಟು ಇದ್ದಾಗ ಯಂತ್ರ, ಇಲ್ಲದಾಗ ಪುಸ್ತಕ ಎಂದು ದಿನಚರಿ ತಾನಾಗಿಯೇ ಏರ್ಪಟ್ಟಿತು. ಆ ದಿನಗಳಲ್ಲಿ ಮೇಷ್ಟರು ಓದುತ್ತಿದ್ದುದು ಮೂರು ಪುಸ್ತಕಗಳನ್ನು. ಮೂರೂ ಒಂದು ಮನೆಯಿಂದ ಇನ್ನೊಂದು ಮನೆಗೆ ದಾಟಿದವು.

ಮೊದಲನೆಯದು ಕೊಡಗಿನ ಗೌರಮ್ಮನವರ ಕಥೆಗಳು. ೧೯೧೨ರಲ್ಲಿ ಹುಟ್ಟಿ ೧೯೩೯ರಲ್ಲಿ, ಇಪ್ಪತ್ತೇಳರ ಹರೆಯದಲ್ಲಿಯೇ, ನೀರಿನ ಪಾಲಾದ ಈ ಹೆಣ್ಣುಮಗಳು ವಿಧವೆಯರ, ಮೋಸಹೋದವರ, ಮಾತು ಬಾಯಿಂದ ಹೊರಡದವರ ಪಾಡನ್ನು ಎಷ್ಟು ನಿರಾಡಂಬರವಾಗಿ ಬರೆದಿದ್ದಾರೆಂದರೆ, ತೊಂಬತ್ತು ವರ್ಷಗಳ ಅಂತರ ಓದುವಾಗ ಅರಿವಿಗೇ ಬರುವುದಿಲ್ಲ. 'ಕಂಬನಿ', 'ಚಿಗುರು' ಎಂಬ ಎರಡೇ ಸಂಗ್ರಹಗಳು. ಆದರೂ ಕನ್ನಡ ಸಣ್ಣಕಥೆಯ ಚರಿತ್ರೆಯಲ್ಲಿ ಅವುಗಳಿಗೆ ತಪ್ಪದ ಸ್ಥಾನ. ಈ ಕಥೆಗಳನ್ನು ಮಡಿಕೇರಿಯ ದೀಪಾ ಭಾಸ್ತಿ ಇಂಗ್ಲಿಷಿಗೆ ತಂದರು. ೨೦೨೩ರಲ್ಲಿ ಆ ಪುಸ್ತಕ ಹೊರಬಂದಿತು.

ಎರಡನೆಯದು ಅದೇ ಅನುವಾದಕಿಯ 'ಹಾರ್ಟ್ ಲ್ಯಾಂಪ್'. ಹಾಸನದ ಬಾನು ಮುಷ್ತಾಕ್ ಅವರ ಹನ್ನೆರಡು ಕಥೆಗಳ ಈ ಸಂಕಲನಕ್ಕೆ ೨೦೨೫ರ ಮೇ ತಿಂಗಳಿನಲ್ಲಿ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂದುದನ್ನು ಕನ್ನಡಿಗರೆಲ್ಲ ಬಲ್ಲರು. ಆ ಪ್ರಶಸ್ತಿ ಒಂದು ಸಣ್ಣಕಥೆಗಳ ಸಂಕಲನಕ್ಕೆ ಸಂದುದೂ, ಕನ್ನಡದ ಕೃತಿಗೆ ಸಂದುದೂ ಅದೇ ಮೊದಲು. ಮೇಷ್ಟರ ಕಣ್ಣಿಗೆ ಬಿದ್ದುದು ಇನ್ನೊಂದು ಸಂಗತಿ. ಇಂಗ್ಲಿಷಿನ ನಡುವೆ ಬರುವ ಕನ್ನಡ, ಉರ್ದು, ಅರಬ್ಬೀ ಮಾತುಗಳನ್ನು ಅನುವಾದಕಿ ಓರೆ ಅಕ್ಷರಗಳಲ್ಲಿ ಅಚ್ಚುಹಾಕಿಸಲು ಒಪ್ಪಲಿಲ್ಲ. ಬಂದ ಮಾತು ಅತಿಥಿಯಂತೆ ಜಗಲಿಯ ಅಂಚಿನಲ್ಲಿ ಕೂರಬಾರದು, ಪಂಕ್ತಿಯಲ್ಲಿಯೇ ಕುಳಿತು ಉಣ್ಣಬೇಕು ಎನ್ನುವ ಹಾಗೆ! ಮನೆ ಬದಲಾದರೂ ತಲೆತಗ್ಗಿಸದ ಆ ಮಾತುಗಳನ್ನು ಕಂಡು ಮೇಷ್ಟರಿಗೆ ಹಿಗ್ಗಾಯಿತು.

ಮೂರನೆಯದು ನಡಿಕೇರಿಯಂಡ ಚಿಣ್ಣಪ್ಪನವರ 'ಪಟ್ಟೋಲೆ ಪಳಮೆ'. ೧೯೨೪ರಲ್ಲಿ ಅಚ್ಚಾದ ಈ ಗ್ರಂಥದಲ್ಲಿ ಕೊಡವರ ಹಾಡು, ಗಾದೆ, ಸಂಪ್ರದಾಯಗಳೆಲ್ಲ ಕನ್ನಡ ಲಿಪಿಯಲ್ಲಿ ಒಟ್ಟಾಗಿವೆ. ಬಾಯಿಂದ ಬಾಯಿಗೆ ಬರುತ್ತಿದ್ದುದನ್ನು ಒಬ್ಬನೇ ಒಬ್ಬ ಮನುಷ್ಯ ಹಠಹಿಡಿದು ಕಾಗದಕ್ಕೆ ಇಳಿಸದಿದ್ದರೆ ಏನಾಗುತ್ತಿದ್ದಿತೆಂದು ಯೋಚಿಸಿದರೆ ಎದೆ ಝಲ್ಲೆನ್ನುತ್ತದೆ. ಅವರ ಮೊಮ್ಮಕ್ಕಳಾದ ಬೋವೇರಿಯಂಡ ನಂಜಮ್ಮ ಮತ್ತು ಚಿಣ್ಣಪ್ಪ ದಂಪತಿಗಳು ಇಡೀ ಗ್ರಂಥವನ್ನು ಇಂಗ್ಲಿಷಿಗೆ ತಿರುಗಿಸಿ ೨೦೦೩ರಲ್ಲಿ ಪ್ರಕಟಿಸಿದರು. ಆ ಪುಸ್ತಕವನ್ನು ಮುಚ್ಚಿಟ್ಟ ರಾತ್ರಿಯೇ ಮೇಷ್ಟರಿಗೆ ಅವ್ವನ ಕಡತಗಳ ನೆನಪಾಯಿತು.

ಬೆಳಗಾಗುತ್ತಲೇ ಹೊಸ ವ್ಯವಸ್ಥೆಯಲ್ಲಿ ಆ ಕಡತಗಳನ್ನು ತೆರೆದರು. ಪರದೆಯ ಮೇಲೆ ಒಂದು ಕನ್ನಡ ಅಕ್ಷರವಿಲ್ಲ! ರೋಮನ್ ಲಿಪಿಯ ಚೂರುಗಳು. ಕೆಲವಕ್ಕೆ ತಲೆಯ ಮೇಲೆ ಕೊಂಬು, ಕೆಲವಕ್ಕೆ ಚುಕ್ಕೆ, ಕೆಲವಕ್ಕೆ ಕೆಳಗೊಂದು ಬಾಲ. ಪುಟದ ಮೇಲೆ ಪುಟ, ೩೧೨ ಪುಟವೂ ಹೀಗೆಯೇ. ಅವ್ವ ಹೇಳಿದ ಸೋಬಾನೆಯನ್ನು ಯಾವುದೋ ಪಿಶಾಚಿ ಮಂತ್ರವಾಗಿ ತಿರುಚಿದಂತಿದ್ದಿತು. ಮೇಷ್ಟರ ಕೈ ನಡುಗಿತು. ೨೦೧೮ರ ಆಗಸ್ಟಿನಲ್ಲಿ ಮಕ್ಕಂದೂರು, ಜೋಡುಪಾಲಗಳ ಕಡೆ ಗುಡ್ಡಗಳು ಜರಿದಾಗ, ಉಟ್ಟ ಬಟ್ಟೆಯಲ್ಲಿ ಹೊರಬಂದ ಸಂಸಾರಗಳು ಪಟ್ಟೆ, ಪಹಣಿ, ಮದುವೆಯ ಚಿತ್ರ ಒಂದೂ ಉಳಿಯಲಿಲ್ಲವೆಂದು ಅಳುತ್ತಿದ್ದುದನ್ನು ಅವರು ಪರಿಹಾರ ಕೇಂದ್ರದಲ್ಲಿ ಕಂಡಿದ್ದರು. ತಮ್ಮದು ಕಂಪ್ಯೂಟರಿನಲ್ಲಿದೆ, ಮಣ್ಣು ಮುಟ್ಟದು ಎಂದು ಅಂದು ಸಮಾಧಾನಪಟ್ಟುಕೊಂಡಿದ್ದರು. ಈಗ ಗುಡ್ಡ ಜರಿಯದೆಯೇ ಎಲ್ಲವೂ ಹೋದಂತಾಯಿತಲ್ಲ!

ಹುಡುಗ ಗಾಬರಿಪಡಲಿಲ್ಲ. "ಅಜ್ಜ, ಯಾವುದೂ ಹೋಗಲಿಲ್ಲ. ಇದು ಹಳೆ ಫಾಂಟಿನ ಬರಹ, ಅಷ್ಟೆ" ಎಂದು ವಿವರಿಸಿದನು. ಕಂಪ್ಯೂಟರಿಗೆ ಅಕ್ಷರವೆಂದರೆ ಒಂದು ಸಂಖ್ಯೆ. ಹಿಂದಿನ ಕನ್ನಡ ತಂತ್ರಾಂಶಗಳ ಕಾಲದಲ್ಲಿ ಸಂಖ್ಯೆಗಳ ಪೀಠಗಳೆಲ್ಲ ರೋಮನ್ ಅಕ್ಷರಗಳಿಗೇ ಮೀಸಲಾಗಿದ್ದವು. ಕನ್ನಡಕ್ಕೆ ಜಾಗವಿಲ್ಲದ್ದರಿಂದ ಜಾಣರು ಒಂದು ಉಪಾಯ ಹೂಡಿದರು. ಸಂಖ್ಯೆ ರೋಮನ್ ಅಕ್ಷರದ್ದೇ ಇರಲಿ. ಆದರೆ ಪರದೆಯ ಮೇಲೆ ಬರೆಯುವ ಆಕಾರ ಮಾತ್ರ ಕನ್ನಡದ ತಲೆಕಟ್ಟು, ಕೊಂಬು, ಒತ್ತು ಆಗಿರಲಿ. ಅಂಥ ಫಾಂಟು ಇರುವ ಯಂತ್ರದಲ್ಲಿ ಕಣ್ಣಿಗೆ ಕಾಣುವುದು ಅಚ್ಚ ಕನ್ನಡ. ಫಾಂಟನ್ನು ತೆಗೆದರೆ ಕೆಳಗಿನ ರೋಮನ್ ಹೊರಗೆ ಬರುತ್ತದೆ. ಎಂದರೆ, ಆ ಕಡತಗಳಲ್ಲಿ ಇಪ್ಪತ್ತು ವರ್ಷ ಇದ್ದುದು ಕನ್ನಡವಲ್ಲ, ಕನ್ನಡದ ವೇಷ. ಬಣ್ಣ ತೊಳೆದ ಮೇಲೆ ಚೌಕಿಯಲ್ಲಿ ಕಂಡವನು ಬೇರೆಯೇ ಒಬ್ಬ.

ಉಪಾಯ ಮಾಡಿದವರನ್ನು ದೂರುವಂತಿಲ್ಲ. ಅವರಿಲ್ಲದಿದ್ದರೆ ಆ ದಿನಗಳಲ್ಲಿ ಕನ್ನಡದ ಒಂದು ಪತ್ರವೂ ಕಂಪ್ಯೂಟರಿನಿಂದ ಹೊರಡುತ್ತಿರಲಿಲ್ಲ. ಆದರೆ ಯೂನಿಕೋಡ್ ಎಂಬ ಜಾಗತಿಕ ಒಪ್ಪಂದ ೧೯೯೧ರಲ್ಲಿ ತನ್ನ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ೧೨೮ ಪೀಠಗಳ ಪ್ರತ್ಯೇಕ ಸಾಲನ್ನು ಮೀಸಲಿಟ್ಟಿತ್ತು. ಅಲ್ಲಿ ಕಕಾರದ ಸಂಖ್ಯೆ ಕಕಾರದ್ದೇ. ಯಾವ ಫಾಂಟು ಇರಲಿ, ಯಾವ ವ್ಯವಸ್ಥೆ ಇರಲಿ, ಅದು ಕನ್ನಡವೆಂದು ಯಂತ್ರಕ್ಕೆ ತಿಳಿದಿರುತ್ತದೆ. ಆ ಸಾಲು ದಿನಬಳಕೆಗೆ ಬಂದು ರೂಢಿಯಾಗಲು ಮುಂದೆ ಹಲವು ವರ್ಷಗಳು ಹಿಡಿದವು. ಅವ್ವ ಹೇಳುತ್ತಿದ್ದ ಕಾಲ ಆ ನಡುಗಾಲದ್ದು.

ಹಳೆಯ ಫಾಂಟನ್ನು ಹೊಸ ವ್ಯವಸ್ಥೆಗೆ ತಂದಿಟ್ಟರೆ ಒಂದು ಗಳಿಗೆಯಲ್ಲಿ ಎಲ್ಲವೂ ಮೊದಲಿನಂತೆ ಕಾಣುವುದು. ಹುಡುಗ ಹಾಗೆ ಮಾಡಿಯೂ ತೋರಿಸಿದನು. ಮೇಷ್ಟರು ನಿಟ್ಟುಸಿರು ಬಿಟ್ಟರು. ಆಗ ಹುಡುಗ, "ಇದರಲ್ಲಿ 'ಮಳೆ' ಅಂತ ಹುಡುಕಿ ನೋಡಿ ಅಜ್ಜ" ಎಂದನು. ಹುಡುಕಿದರು. ಪುಟಪುಟದಲ್ಲಿಯೂ ಮಳೆ ಸುರಿಯುತ್ತಿದ್ದ ಆ ಬರಹದಲ್ಲಿ 'ಮಳೆ' ಎಲ್ಲಿಯೂ ಇಲ್ಲವೆಂದು ಯಂತ್ರ ವರದಿ ಕೊಟ್ಟಿತು. ಮತ್ತೆ ವೇಷ ತೊಡಿಸಿದ್ದಾಯಿತೇ ಹೊರತು ಆಳು ಬದಲಾಗಲಿಲ್ಲ.

ಹಳೆಯ ಸಂಕೇತವನ್ನು ಯೂನಿಕೋಡಿಗೆ ಪರಿವರ್ತಿಸುವ ಉಪಕರಣಗಳಿವೆ. ಅವನ್ನೂ ಕನ್ನಡದ ಉತ್ಸಾಹಿಗಳೇ ರಚಿಸಿ ಎಲ್ಲರಿಗೂ ಬಿಟ್ಟುಕೊಟ್ಟಿದ್ದಾರೆ. ಕೆಲವು ನಿಮಿಷಗಳಲ್ಲಿ ೩೧೨ ಪುಟಗಳು ಮನೆ ಬದಲಾಯಿಸಿದವು. ಆದರೆ ಸಾಮಾನು ಸಾಗಿಸುವಾಗ ಒಂದೆರಡು ಗಡಿಗೆ ಒಡೆಯದೆ ಇರುತ್ತದೆಯೆ? ಹಳೆಯ ಪದ್ಧತಿಯಲ್ಲಿ ಅರ್ಕಾವೊತ್ತನ್ನು ಕಣ್ಣಿಗೆ ಕಾಣುವಂತೆ ಅಕ್ಷರದ ನಂತರ ಇಡುತ್ತಿದ್ದರು. ಹೊಸದರಲ್ಲಿ ಕಿವಿಗೆ ಕೇಳುವಂತೆ ಮೊದಲು ಇಡಬೇಕು. ಈ ಪಲ್ಲಟದಲ್ಲಿ ಅಲ್ಲಲ್ಲಿ ಎಡವಟ್ಟಾಗಿದ್ದಿತು. ಒತ್ತುಗಳು ಕೆಲವೆಡೆ ಸ್ಥಾನಪಲ್ಲಟಗೊಂಡಿದ್ದವು. ಅರೆಭಾಷೆಯ ರೂಪಗಳಾದ್ದರಿಂದ ತಪ್ಪು ಯಾವುದು, ಸರಿ ಯಾವುದು ಎಂದು ಹೇಳಬಲ್ಲವರು ಮೇಷ್ಟರೊಬ್ಬರೇ. ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದದೆ ಗತ್ಯಂತರವಿರಲಿಲ್ಲ.

ಹೀಗಾಗಿ ಆ ವರ್ಷದ ಅವರ ನಾಲ್ಕನೆಯ ಓದು ಅವ್ವನ ಮಾತೇ ಆಯಿತು. ಹಗಲು ಕಾಫಿ ಕೊಯ್ಲಿನ ಗಡಿಬಿಡಿ. ರಾತ್ರಿ ದಿನಕ್ಕೆ ಐದಾರು ಪುಟ. ಬರೆದುಕೊಳ್ಳುವಾಗ ಕೈಗೆ ಅವಸರವಿದ್ದುದರಿಂದ ಕಿವಿ ಎಷ್ಟನ್ನೋ ಕೇಳಿಯೇ ಇರಲಿಲ್ಲ. ಒಂದು ಸೊಪ್ಪಿನ ಗುಣವನ್ನು ಹೇಳುತ್ತ ಅವ್ವ, ಅದನ್ನು ತನಗೆ ತೋರಿಸಿಕೊಟ್ಟವಳು ತಾನು ಮದುವೆಯಾಗಿ ಬಂದ ವರ್ಷ ತೀರಿಕೊಂಡ ನಾದಿನಿಯೆಂದು ಒಂದೇ ವಾಕ್ಯದಲ್ಲಿ ಹೇಳಿ ಮುಂದೆ ಹೋಗಿದ್ದರು. ಆ ನಾದಿನಿಯ ಹೆಸರು ಮನೆಯ ಯಾವ ದಾಖಲೆಯಲ್ಲಿಯೂ ಇರಲಿಲ್ಲ, ಇಲ್ಲಿ ಇದ್ದಿತು. ಪರಿವರ್ತನೆಯಲ್ಲಿ ಒತ್ತು ಜಾರಿ ಆ ಹೆಸರೇ ಕೆಟ್ಟಿದ್ದಿತು. ಮೇಷ್ಟರು ಅದನ್ನು ತಿದ್ದಿ, ಒಮ್ಮೆ ಗಟ್ಟಿಯಾಗಿ ಉಚ್ಚರಿಸಿದರು. ಎಪ್ಪತ್ತೈದು ವರ್ಷಗಳ ಮೇಲೆ ಆ ಮನೆಯೊಳಗೆ ಆ ಹೆಸರು ಕೇಳಿದ್ದು ಅಂದೇ ಇರಬೇಕು.

ಹೊಸ ವ್ಯವಸ್ಥೆಯಿಂದ ಎಲ್ಲವೂ ಸುಗಮವಾಯಿತೆಂದು ಹೇಳಿದರೆ ಅತಿಶಯೋಕ್ತಿಯಾದೀತು. ಹಳೆಯ ಸ್ಕ್ಯಾನರೊಂದು ಅದರೊಡನೆ ಮಾತು ಬಿಟ್ಟಿದೆ. ಗುಂಡಿಗಳೆಲ್ಲ ಬೇರೆ ಬೇರೆ ಕಡೆ ಇರುವುದರಿಂದ ಕೈ ಇನ್ನೂ ಹಳೆಯ ಮೂಲೆಗೇ ಹೋಗುತ್ತದೆ. ತೊಂದರೆಯಾದರೆ ಕೇಳಲು ಊರಿನಲ್ಲಿ ಬಲ್ಲವರಿಲ್ಲ. ಬೆಂಗಳೂರಿಗೆ ಫೋನು ಮಾಡಬೇಕು, ಫೋನಿಗೆ ಸಿಗ್ನಲ್ಲು ಬೇಕಾದರೆ ಗುಡ್ಡ ಹತ್ತಬೇಕು. ಬೆಲೆಯಿಲ್ಲದ ವಸ್ತುವಿಗೂ ಶ್ರಮವೆಂಬ ಬೆಲೆ ಇದ್ದೇ ಇರುತ್ತದೆ. ಹೊಸ ಯಂತ್ರ ಕೊಳ್ಳುವ ಅನುಕೂಲವುಳ್ಳವರು ಕೊಂಡರೆ ಅದರಲ್ಲಿ ತಪ್ಪೂ ಇಲ್ಲ.

ಆದರೆ ಒಂದು ಮಾತು ಮಾತ್ರ ಎಲ್ಲರಿಗೂ ಅನ್ವಯಿಸುವಂಥದು. ಇಪ್ಪತ್ತು ವರ್ಷಗಳ ಹಿಂದೆ ಕನ್ನಡದಲ್ಲಿ ಬೆರಳಚ್ಚಾದ ಆತ್ಮಕಥೆಗಳು, ಸಂಘಗಳ ನಡವಳಿಗಳು, ಹಾಡುಗಳು, ಪತ್ರಗಳು ನಾಡಿನ ಎಷ್ಟು ಮನೆಗಳಲ್ಲಿ ಹೀಗೆಯೇ ವೇಷದಲ್ಲಿ ಮಲಗಿಲ್ಲ! ಹಳೆಯ ಯಂತ್ರ ಇರುವತನಕ ಅವು ಕನ್ನಡ. ಅದು ಕೆಟ್ಟ ದಿನ, ಓದಿಕೊಡಬಲ್ಲ ಹಿರಿಯರು ಇಲ್ಲದ ದಿನ, ಅವು ಕೊಂಬು ಬಾಲಗಳ ಒಗಟು. ಒಗಟನ್ನು ಬಿಡಿಸುವ ಸಾಧನ ಇಂದು ಇದೆ. ತಪ್ಪನ್ನು ತಿದ್ದಬಲ್ಲ ನೆನಪೂ ಇಂದು ಇದೆ. ಸಾಧನ ನಾಳೆಯೂ ಇದ್ದೀತು. ನೆನಪಿನ ಮಾತು ಹಾಗಲ್ಲ.

ಮೇಷ್ಟರ ಮಿತ್ರರೊಬ್ಬರು, "ಇಷ್ಟೆಲ್ಲ ಕಷ್ಟಪಟ್ಟು ಏನು ಸಿಕ್ಕಿತು?" ಎಂದು ಪುತ್ತರಿಯ ಮರುದಿನ ಕೇಳಿದರಂತೆ. ಮೇಷ್ಟರು ಉತ್ತರ ಹೇಳದೆ ಕೀಲಿಮಣೆಯ ಮೇಲೆ 'ಮಳೆ' ಎಂದು ಬರೆದು ಹುಡುಕಿಸಿದರು. ಆರಿದ್ರೆಯ ಮಳೆ, ಪುನರ್ವಸುವಿನ ಮಳೆ, ಗದ್ದೆಯ ನಾಟಿಯ ಮಳೆ, ಮದುವೆಯ ದಿಬ್ಬಣವನ್ನು ನೆನೆಸಿದ ಮಳೆ ಎಲ್ಲವೂ ಒಂದರ ಹಿಂದೊಂದು ಪರದೆಯ ಮೇಲೆ ಬಂದು ನಿಂತವು.